ಕಣ್ಣು ಎಷ್ಟು ಹೊತ್ತು ಕಾಯುತ್ತದೆ?



ದತ್ತಿ ಉಪನ್ಯಾಸಕ್ಕೆ ಕಣ್ಣಿನ ಡಾಕ್ಟರನ್ನು ಕರೆದರೆ ಜನ ಎರಡು ವಿಷಯ ನಿರೀಕ್ಷಿಸುತ್ತಾರೆ. ಒಂದು ಪೊರೆ, ನಮ್ಮ ಕಡೆಯ ಮಾತಿನಲ್ಲಿ ಮೋತಿಬಿಂದು. ಇನ್ನೊಂದು ನೇತ್ರದಾನ. ಎರಡೂ ದೊಡ್ಡ ವಿಷಯಗಳೇ, ಅವಕ್ಕೆ ಹೇಳುವವರೂ ಬಹಳ ಇದ್ದಾರೆ. ನಾನು ಇವತ್ತಿನ ಹೊತ್ತನ್ನು ಬೇರೆಯದಕ್ಕೆ ಇಟ್ಟುಕೊಳ್ಳುತ್ತೇನೆ. ಪೊರೆ ಬಂದ ಕಣ್ಣು ಕಾಯುತ್ತದೆ. ಸುಗ್ಗಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಆರು ತಿಂಗಳು ತಡ ಮಾಡಿ ಬಂದರೂ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ನೋಟ ಮರಳುತ್ತದೆ. ಕಬ್ಬಿನ ಎಲೆ ಗೀರಿದ ಕಣ್ಣು ಒಂದು ದಿನ ಕಾಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಸುಣ್ಣ ಬಿದ್ದ ಕಣ್ಣು ಒಂದು ನಿಮಿಷವೂ ಕಾಯುವುದಿಲ್ಲ. ಯಾವ ಕಣ್ಣು ಎಷ್ಟು ಹೊತ್ತು ಕಾಯುತ್ತದೆ ಎಂಬುದು ಆಸ್ಪತ್ರೆಯ ಒಳಗಿರುವ ನನಗೆ ಗೊತ್ತಿದ್ದರೆ ಸಾಲದು. ಹೊಲದಲ್ಲಿ, ಅಡುಗೆಮನೆಯಲ್ಲಿ, ವರ್ಕ್‌ಶಾಪಿನಲ್ಲಿ ಇರುವ ನಿಮಗೆ ಗೊತ್ತಿರಬೇಕು. ನಮ್ಮ ಬೀದರ್ ಜಿಲ್ಲೆಯಲ್ಲಿ ಪೆಟ್ಟು ಬಿದ್ದು ಹೋಗುವ ಕಣ್ಣುಗಳಲ್ಲಿ ಬಹಳಷ್ಟು ಪೆಟ್ಟಿನಿಂದ ಹೋಗುವುದಿಲ್ಲ. ಪೆಟ್ಟಿಗೂ ಆಸ್ಪತ್ರೆಗೂ ನಡುವಿನ ಆ ಒಂದೆರಡು ದಿನಗಳಲ್ಲಿ ಹೋಗುತ್ತವೆ.

ಮೊದಲು ಎಲ್ಲರೂ ಕಂಡ ರೋಗ. 2023ರ ಜುಲೈ ಕೊನೆ, ಆಗಸ್ಟ್ ಮೊದಲ ವಾರ ನಿಮಗೆ ನೆನಪಿರಬಹುದು. ಆ ಹತ್ತು ಹನ್ನೆರಡು ದಿನಗಳಲ್ಲಿ ರಾಜ್ಯದಲ್ಲಿ ನಲವತ್ತು ಸಾವಿರ ಜನರಿಗೆ ಕಣ್ಣು ಬಂದವು ಎಂದು ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಪಟ್ಟಿಯಲ್ಲಿ ಮೊದಲ ಹೆಸರು ನಮ್ಮ ಬೀದರ್ ಜಿಲ್ಲೆಯದು, ಏಳೂವರೆ ಸಾವಿರದ ಮೇಲೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಮೂರು ನಾಲ್ಕು ದಿನಕ್ಕೆ ಎಲ್ಲರಿಗೂ. ಕಪ್ಪು ಕನ್ನಡಕ ಮಾರುವವರಿಗೆ ಮಾತ್ರ ಸುಗ್ಗಿ.

ಹೀಗೆ ಊರೂರು ಹಬ್ಬುವ ಕಣ್ಣುಬೇನೆ ಬಹುಪಾಲು ವೈರಸ್ಸಿನ ಕೆಲಸ. ಒಂದೆರಡು ವಾರ ಕಾಡಿ ತಾನಾಗಿ ಹೋಗುತ್ತದೆ. ಹನಿ ಹಾಕಿದರೂ ಅಷ್ಟೇ ದಿನ, ಹಾಕದಿದ್ದರೂ ಅಷ್ಟೇ ದಿನ. ಕೆಂಪು ಕಣ್ಣನ್ನು ನೋಡಿದರೆ ಅಂಟುತ್ತದೆ ಎನ್ನುವುದು ಸುಳ್ಳು. ಅಂಟುವುದು ಕೈಯಿಂದ, ಟಾವೆಲಿನಿಂದ, ದಿಂಬಿನಿಂದ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮೊಬೈಲಿನಿಂದ. ಕಪ್ಪು ಕನ್ನಡಕ ಬೆಳಕಿನಿಂದ ಸ್ವಲ್ಪ ಆರಾಮ ಕೊಡುತ್ತದೆ, ಅಷ್ಟೇ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜು ಒರೆಸುವುದು, ಸಾಬೂನಿನಲ್ಲಿ ಮೇಲಿಂದ ಮೇಲೆ ಕೈ ತೊಳೆಯುವುದು, ನಾಲ್ಕು ದಿನ ಶಾಲೆ ಬಿಡುವುದು ಸಾಕು.

ಆ ದಿನಗಳಲ್ಲಿ ನನ್ನನ್ನು ಹೆದರಿಸಿದ್ದು ರೋಗವಲ್ಲ, ಮೆಡಿಕಲ್ ಅಂಗಡಿಯ ಕಟ್ಟೆ. ‘ಕಣ್ಣು ಕೆಂಪಾಗ್ಯಾವ್ರಿ, ಏನರ ಹನಿ ಕೊಡ್ರಿ’ ಎಂದರೆ ಸಾಕು, ಬಾಟಲಿ ಕೈಗೆ ಬರುತ್ತಿತ್ತು. ಅದರಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆ. ಅದನ್ನು ಹಾಕಿದ ಎರಡನೆಯ ದಿನಕ್ಕೆ ಕೆಂಪು ಇಳಿಯುತ್ತದೆ. ‘ಭಾರಿ ಚಲೋ ಔಷಧ’ ಎಂದು ಬಾಟಲಿ ಕಿಟಕಿಯ ಮೇಲೆ ಕೂರುತ್ತದೆ. ಮುಂದಿನ ವರ್ಷ ಮನೆಯಲ್ಲಿ ಯಾರದಾದರೂ ಕಣ್ಣು ಬೇರೆ ಕಾರಣಕ್ಕೆ ಕೆಂಪಾದಾಗ ಅದೇ ಬಾಟಲಿ ಇಳಿಯುತ್ತದೆ. ಆ ಕಣ್ಣಿನಲ್ಲಿ ಇರುವುದು ಶಿಲೀಂಧ್ರದ ಹುಣ್ಣಾದರೆ, ಅಂದರೆ ಬೂಸ್ಟು ಬೆಳೆಯುವ ಹುಣ್ಣಾದರೆ, ಅಥವಾ ಸರ್ಪಸುತ್ತಿನ ಕುಲದ ಹರ್ಪಿಸ್ ವೈರಸ್ಸಿನದಾದರೆ, ಸ್ಟಿರಾಯ್ಡ್ ಅದಕ್ಕೆ ಗೊಬ್ಬರ. ಕೆಂಪು ಇಳಿಯುತ್ತದೆ, ಹುಣ್ಣು ಒಳಗೊಳಗೇ ಆಳವಾಗುತ್ತದೆ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಕಂಡರೆ ಅದು ಸ್ಟಿರಾಯ್ಡ್. ಅಕ್ಷರ ಬಲ್ಲ ಮಕ್ಕಳಿಂದ ಓದಿಸಿ. ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ.

ಇದೇ ಮಾತಿಗೆ ಇನ್ನೊಂದು ಸೇರಿಸಬೇಕು. ಬೇಸಿಗೆ ಬಂತೆಂದರೆ ಕಣ್ಣು ಉಜ್ಜಿಕೊಂಡೇ ಇರುವ ಹುಡುಗರು ನಮ್ಮ ಒಣ ಸೀಮೆಯಲ್ಲಿ ಬಹಳ. ಐದಾರು ವರ್ಷದಿಂದ ಹದಿಹರೆಯದವರೆಗೆ, ಹುಡುಗಿಯರಿಗಿಂತ ಹುಡುಗರೇ ಹೆಚ್ಚು. ಬಿಳಿಗುಡ್ಡೆ ಮಾಸಲು ಕೆಂಪು, ದಾರದ ಹಾಗೆ ಎಳೆ ಬರುವ ಗೀಜು, ಬಿಸಿಲಿಗೆ ಹೋದರೆ ತಡೆಯದ ತುರಿಕೆ. ಇದು ಅಲರ್ಜಿ. ವಯಸ್ಸು ಬಂದಂತೆ ಬಹುತೇಕ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ತಂಪು ಬಟ್ಟೆ, ಟೋಪಿ, ಡಾಕ್ಟರು ಬರೆದ ಅಲರ್ಜಿ ಹನಿ ಇದ್ದರೆ ದಾಟಿಸಬಹುದು. ಆದರೆ ಒಮ್ಮೆ ಬರೆದ ಸ್ಟಿರಾಯ್ಡ್ ಹನಿಯನ್ನು ತಂದೆತಾಯಿ ಮೂರು ನಾಲ್ಕು ಬೇಸಿಗೆ ತಾವೇ ಕೊಂಡು ಹಾಕುತ್ತಾ ಹೋದರೆ ಕಣ್ಣಿನ ಒಳಗಿನ ಒತ್ತಡ ಏರಿ ನರ ಒಣಗುತ್ತದೆ. ತುರಿಕೆಗೆಂದು ಬಂದ ಹುಡುಗ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಕರಿಹಲಗೆ ಕಾಣದಂತಾಗುತ್ತಾನೆ. ಆ ನೋಟ ಮರಳುವುದಿಲ್ಲ. ಇಷ್ಟು ಸಣ್ಣ ಕಾರಣಕ್ಕೆ ಇಷ್ಟು ದೊಡ್ಡ ನಷ್ಟ ನನ್ನ ವೃತ್ತಿಯಲ್ಲಿ ಬೇರೆ ಇಲ್ಲ.

ಹಾಗಾದರೆ ಕೆಂಪು ಕಣ್ಣುಗಳಲ್ಲಿ ಕಾಯುವುದು ಯಾವುದು, ಕಾಯದಿರುವುದು ಯಾವುದು ಎಂದು ಮನೆಯಲ್ಲೇ ಹೇಗೆ ತಿಳಿಯುವುದು? ಕಣ್ಣು ಬಂದಾಗ ಒಂದರ ಹಿಂದೆ ಒಂದು ಎರಡೂ ಕೆಂಪಾಗುತ್ತವೆ. ಮರಳು ಬಿದ್ದಂತೆ ಕರಕರ, ಬೆಳಿಗ್ಗೆ ರೆಪ್ಪೆ ಅಂಟಿರುತ್ತವೆ. ಆದರೆ ಗೀಜು ಒರೆಸಿದರೆ ನೋಟ ಸ್ಪಷ್ಟ. ಒಂದೇ ಕಣ್ಣು ಕೆಂಪಾಗಿದ್ದರೆ, ರಾತ್ರಿ ನಿದ್ದೆ ಕೆಡಿಸುವ ನೋವಿದ್ದರೆ, ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಒರೆಸಿದರೂ ಮಬ್ಬಾಗಿದ್ದರೆ, ಕರಿಗುಡ್ಡೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರಲ್ಲಿಗೆ ಹೊರಡಬೇಕು. ನೋಟ ಪರೀಕ್ಷಿಸುವಾಗ ಎರಡೂ ಕಣ್ಣು ಬಿಟ್ಟು ನೋಡಬೇಡಿ, ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಒಂದನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿ, ಆಮೇಲೆ ಇನ್ನೊಂದು. ಕಾಲು ನಿಮಿಷದ ಕೆಲಸ.

ಇನ್ನು ಹೊಲಕ್ಕೆ ಬರೋಣ. ಕರಿಗುಡ್ಡೆಯ ಮೇಲೆ ಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಹೊದಿಕೆ ಇದೆ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು. ಅದರಲ್ಲಿ ರಕ್ತನಾಳ ಇಲ್ಲ, ಇದ್ದರೆ ಬೆಳಕು ಹಾಯುತ್ತಿರಲಿಲ್ಲ. ಹಾಗಾಗಿಯೇ ಅಲ್ಲಿ ಸೋಂಕು ಹೊಕ್ಕರೆ ಎದುರಿಸುವ ದಂಡು ತಡವಾಗಿ ಬರುತ್ತದೆ. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯುತ್ತದೆ. ‘ಕಣ್ಣಾಗ ಹೂವು ಬಿದ್ದದ’ ಎನ್ನುತ್ತೇವಲ್ಲ, ಅದು ಇದೇ ಕಲೆ. ದೇಶದಲ್ಲಿ 2015ರಿಂದ 2019ರವರೆಗೆ ನಡೆದ ಅಂಧತ್ವ ಸಮೀಕ್ಷೆ ನೋಡಿ. ಐವತ್ತು ದಾಟಿದ ಕುರುಡರಲ್ಲಿ ಮೂವರಲ್ಲಿ ಇಬ್ಬರಿಗೆ ಕಾರಣ ಪೊರೆ. ಐವತ್ತರೊಳಗಿನವರಲ್ಲಿ ಮೊದಲ ಕಾರಣ ಪೊರೆಯಲ್ಲ, ಈ ಕಾರ್ನಿಯಾದ ಬಿಳುಪು. ಅಂದರೆ ದುಡಿಯುವ ವಯಸ್ಸಿನ ಕುರುಡು ಬೇರೆ, ಮುಪ್ಪಿನ ಕುರುಡು ಬೇರೆ. ನಾವು ಶಿಬಿರ ಮಾಡುವುದೆಲ್ಲ ಎರಡನೆಯದಕ್ಕೆ.

ನವೆಂಬರಿನಿಂದ ಭಾಲ್ಕಿ, ಹುಮನಾಬಾದ್ ಕಡೆ ಕಬ್ಬು ಕಡಿಯುವ ಟೋಳಿಗಳು ಇಳಿಯುತ್ತವೆ. ಕಬ್ಬಿನ ಎಲೆಯ ಅಂಚು ಗರಗಸ. ಬಗ್ಗಿ ಬುಡಕ್ಕೆ ಕೊಯ್ತಾ ಹಾಕುವಾಗ ಮುಖ ಎಲೆಗಳ ನಡುವೆಯೇ ಇರುತ್ತದೆ. ಔರಾದ ಕಡೆ ತೊಗರಿ, ಸೋಯಾ ರಾಶಿ ಮಾಡುವಾಗ ಮಷೀನಿನ ಬಾಯಿಂದ ಹೊಟ್ಟು ಎರಚುತ್ತದೆ. ಜೋಳದ ರವದಿ, ಜಾಲಿ ಮುಳ್ಳು, ಎತ್ತಿನ ಬಾಲದ ಏಟು, ಎಲ್ಲವೂ ಕಾರ್ನಿಯಾದ ಮೇಲಿನ ತೆಳುಪದರವನ್ನು ಗೀರುತ್ತವೆ. ಗೀರು ಸಣ್ಣದು, ಸ್ವಚ್ಛವಾಗಿದ್ದರೆ ಒಂದೆರಡು ದಿನದಲ್ಲಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಹಸಿರೆಲೆ, ಒಣಹೊಟ್ಟಿನ ಜೊತೆ ಮಣ್ಣಿನ ಬೂಸ್ಟಿನ ಬೀಜವೂ ಬರುತ್ತದೆ.

ಇಲ್ಲಿಂದ ಮುಂದೆ ನಡೆಯುವ ಕಥೆ ಹೆಚ್ಚು ಕಡಿಮೆ ಒಂದೇ. ಸಂಜೆ ಕಣ್ಣಲ್ಲಿ ನೀರು. ಊರಲ್ಲಿ ಕಸ ತೆಗೆಯುವವರು ಒಬ್ಬರಿರುತ್ತಾರೆ, ನಾಲಿಗೆಯಿಂದಲೋ ಸೆರಗಿನ ತುದಿಯಿಂದಲೋ ಕೂದಲ ಕುಣಿಕೆಯಿಂದಲೋ ತೆಗೆಯುತ್ತಾರೆ. ಅವರ ಮನಸ್ಸು ಒಳ್ಳೆಯದು, ದುಡ್ಡೂ ಕೇಳುವುದಿಲ್ಲ. ಆದರೆ ಬಾಯಲ್ಲಿರುವ ಕ್ರಿಮಿ ಗೀರಿನ ಮೇಲೆ ಕೂರುತ್ತದೆ. ಎರಡನೆಯ ದಿನ ಹರಳೆಣ್ಣೆ, ಇಲ್ಲವೇ ಬಾಣಂತಿಯ ಹಾಲು, ಇಲ್ಲವೇ ಯಾವುದೋ ಎಲೆಯ ರಸ. ಮೂರನೆಯ ದಿನ ಮೆಡಿಕಲ್ ಅಂಗಡಿಯ ಹನಿ, ಸ್ಟಿರಾಯ್ಡಿನದು. ವಾರದ ಹೊತ್ತಿಗೆ ನಮ್ಮಲ್ಲಿಗೆ ಬಂದಾಗ ಕರಿಗುಡ್ಡೆಯ ನಡುವೆ ಬೂದುಬಿಳಿ ಹುಣ್ಣು, ಅಂಚು ಗರಿಗರಿಯಾಗಿ ಹರಡಿರುತ್ತದೆ, ಕೆಳಗೆ ಕೀವಿನ ಗೆರೆ. ಬೂಸ್ಟಿನ ಹುಣ್ಣಿಗೆ ನಾಟಾಮೈಸಿನ್ ಎಂಬ ಹನಿ ಇದೆ. ಮದುರೆಯ ಅರವಿಂದ ಆಸ್ಪತ್ರೆಯೂ ಸೇರಿ ನಡೆಸಿದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದುಬಾರಿ ಹೊಸ ಔಷಧಕ್ಕಿಂತ ಈ ಹಳೆಯದೇ ಮೇಲು ಎಂದು ಸಾಬೀತಾಯಿತು. ಹಗಲೆಲ್ಲ ಗಂಟೆಗೊಮ್ಮೆ ಹನಿ, ವಾರಗಟ್ಟಲೆ. ಕೂಲಿ ಹೋಯಿತು, ಹಂಗಾಮು ಹೋಯಿತು. ಅಷ್ಟಾಗಿಯೂ ಕಲೆ ಉಳಿದರೆ ಬೇರೆಯವರು ದಾನ ಕೊಟ್ಟ ಕಾರ್ನಿಯಾಕ್ಕೆ ಕಾಯಬೇಕು.

ಇದೇ ಕಥೆಯನ್ನು ಮೊದಲ ದಿನವೇ ತಿರುಗಿಸಿದರೆ? ನೇಪಾಳದ ಭಕ್ತಪುರದಲ್ಲಿ ಮಾಡಿ ನೋಡಿದ್ದಾರೆ. ಅದೂ ರೈತರ ಊರು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಣ್ಣಿನ ಗೀರು ಗುರುತಿಸುವುದನ್ನು ಕಲಿಸಿ, ಕೈಗೆ ಕ್ಲೋರಾಂಫೆನಿಕಾಲ್ ಮುಲಾಮು ಕೊಟ್ಟರು. ದಿನಕ್ಕೆ ಮೂರು ಸಲ, ಮೂರು ದಿನ. ಎರಡು ವರ್ಷ ನಡೆದ ಆ ಅಧ್ಯಯನ 2001ರಲ್ಲಿ ಅಚ್ಚಾಯಿತು. ಗೀರು ಬಿದ್ದು ಬಂದವರು 442 ಜನ. ಅವರಲ್ಲಿ ಹದಿನೆಂಟು ಗಂಟೆಯ ಒಳಗೆ ಮುಲಾಮು ಹಚ್ಚಿಸಿಕೊಂಡವರು 284, ಒಬ್ಬರಿಗೂ ಹುಣ್ಣಾಗಲಿಲ್ಲ. ಹದಿನೆಂಟರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಬಂದ 109 ಜನರಲ್ಲಿ ನಾಲ್ವರಿಗೆ ಆಯಿತು. ಒಂದು ದಿನ ದಾಟಿಸಿ ಬಂದವರು 49, ಅವರಲ್ಲಿ 14 ಜನರಿಗೆ. ಮುಲಾಮು ಅದೇ, ಕೊಟ್ಟವರೂ ಅವರೇ, ಬದಲಾಗಿದ್ದು ಗಂಟೆ ಮಾತ್ರ. ಈ ಲೆಕ್ಕವನ್ನು ನಾನು ವೈದ್ಯ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುತ್ತೇನೆ.

ಈಗ ಕಾಯದಿರುವ ಕಣ್ಣು. ನಮ್ಮ ಕಡೆ ಜೇಬಿನಲ್ಲಿ ತಂಬಾಕು, ಪಕ್ಕದಲ್ಲಿ ಸುಣ್ಣದ ಪುಟ್ಟ ಟ್ಯೂಬು ಅಥವಾ ಪುಡಿಕೆ ಇಲ್ಲದ ಮನೆ ಕಡಿಮೆ. ಮುತ್ಯಾ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾರೆ, ಮೊಮ್ಮಗು ಜೇಬಿಗೆ ಕೈ ಹಾಕುತ್ತದೆ. ಮಗುವಿಗೆ ಆ ಪುಡಿಕೆ ಆಟದ ಸಾಮಾನು. ಹಿಚುಕಿದರೆ ಒಡೆದು ನೇರ ಕಣ್ಣಿಗೆ ಚಿಮ್ಮುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಕಣ್ಣು ಸುಡುವ ಮುಖ್ಯ ಕಾರಣಗಳಲ್ಲಿ ಇದೊಂದು ಎಂದು ನಮ್ಮ ದೇಶದ ಆಸ್ಪತ್ರೆಗಳು ಮತ್ತೆ ಮತ್ತೆ ಬರೆದಿವೆ. ಸುಣ್ಣ ಕ್ಷಾರ. ಆಮ್ಲ ಬಿದ್ದರೆ ಮೇಲ್ಪದರ ಹೆಪ್ಪುಗಟ್ಟಿ ಒಳಗೆ ಇಳಿಯುವುದನ್ನು ಸ್ವಲ್ಪ ತಡೆಯುತ್ತದೆ. ಕ್ಷಾರಕ್ಕೆ ಆ ತಡೆ ಇಲ್ಲ, ಅಂಗಾಂಶದ ಕೊಬ್ಬನ್ನು ಕರಗಿಸುತ್ತಾ ಒಳಗಿಳಿಯುತ್ತಲೇ ಇರುತ್ತದೆ.

ಅಂಥ ಮಗು ಓಪಿಡಿಗೆ ಬಂದಾಗ ನಾವು ಮಾಡುವುದನ್ನು ಹೇಳುತ್ತೇನೆ, ಮನೆಯಲ್ಲಿ ಏಕೆ ಶುರುವಾಗಬೇಕು ಎಂಬುದು ಆಗ ತಿಳಿಯುತ್ತದೆ. ಮಗುವನ್ನು ಚಾದರದಲ್ಲಿ ಸುತ್ತಿ ಒಬ್ಬರು ತಲೆ ಹಿಡಿಯುತ್ತಾರೆ. ಮೇಲಿನ ರೆಪ್ಪೆಯನ್ನು ಕಡ್ಡಿಯ ಮೇಲೆ ಮಗುಚಿದರೆ ಒಳಗೆ ಮೊಸರಿನ ಹೆಪ್ಪಿನಂಥ ಬಿಳಿ ಸುಣ್ಣ ಕೂತಿರುತ್ತದೆ. ಮುಖ ತೊಳೆದು ಒರೆಸಿ ಕರೆತಂದಿದ್ದಾರೆ, ಹೊರಗಿನಿಂದ ನೋಡಿದರೆ ಏನೂ ಇಲ್ಲ. ಆದರೆ ಆ ಹೆಪ್ಪು ದಾರಿಯುದ್ದಕ್ಕೂ ಕಣ್ಣನ್ನು ಸುಡುತ್ತಲೇ ಬಂದಿದೆ. ಒದ್ದೆ ಹತ್ತಿಕಡ್ಡಿಯಿಂದ ಅದನ್ನು ಚೂರುಚೂರಾಗಿ ಎತ್ತಿ, ಸಲೈನ್ ಬಾಟಲಿಯ ನಳಿಕೆ ಹಿಡಿದು ಅರ್ಧ ಗಂಟೆ ತೊಳೆಯುತ್ತೇವೆ. ನಿಮ್ಮ ಮನೆಯಲ್ಲಿ ಸಲೈನ್ ಬೇಡ. ನಲ್ಲಿ, ಕೊಡ, ಚೊಂಬು, ಕುಡಿಯುವ ನೀರಿನ ಬಾಟಲಿ ಯಾವುದಾದರೂ ಸರಿ. ಮಗುವನ್ನು ತೊಡೆಯ ಮೇಲೆ ಮಲಗಿಸಿ, ಸುಣ್ಣ ಬಿದ್ದ ಕಣ್ಣು ಕೆಳಗೆ ಬರುವಂತೆ ತಲೆ ಓರೆ ಮಾಡಿ, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ನೀರು ಹರಿಸಿ. ಮಗು ಚೀರುತ್ತದೆ, ನಿಲ್ಲಿಸಬೇಡಿ. ಇಪ್ಪತ್ತು ನಿಮಿಷವಾದರೂ ಹರಿಯಬೇಕು. ಆಮೇಲೆ ಆಟೋ ಕರೆಯಿರಿ. ಮೊದಲು ಆಸ್ಪತ್ರೆ ಆಮೇಲೆ ನೀರು ಎಂದವರ ಮಕ್ಕಳ ಕಣ್ಣಿಗೆ ನಾವು ಮಾಡಬಹುದಾದ್ದು ಬಹಳ ಕಡಿಮೆ. ಕೊಳಾರ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ, ಶೌಚಾಲಯ ತೊಳೆಯುವ ಆಸಿಡ್ ಮನೆಯಲ್ಲಿ ಸಿಡಿದಾಗ, ಬ್ಯಾಟರಿ ನೀರು ಬಿದ್ದಾಗ, ಎಲ್ಲದಕ್ಕೂ ಇದೇ ವಿಧಾನ. ಆಸಿಡ್ ಬಿತ್ತೆಂದು ಸೋಡಾ, ಸುಣ್ಣ ಬಿತ್ತೆಂದು ನಿಂಬೆ ರಸ ಹಾಕುವ ಪಂಡಿತರೂ ಇದ್ದಾರೆ. ನೀರು ಬಿಟ್ಟು ಬೇರೇನೂ ಬೇಡ.

ಇನ್ನೊಂದು ಸಂಗತಿ ನಮ್ಮ ಭಕ್ತರಿಗೆ. ಶನಿವಾರ ಹನುಮಂತದೇವರಿಗೆ ಎಕ್ಕೆಯ ಎಲೆ, ಹೂವಿನ ಹಾರ ಕಟ್ಟುವಾಗ ಹಾಲು ಕೈಗೆ ಅಂಟುತ್ತದೆ, ಅದೇ ಕೈ ಕಣ್ಣಿಗೆ ಹೋಗುತ್ತದೆ. ವಿಚಿತ್ರವೆಂದರೆ ನೋವು ಅಷ್ಟಾಗಿ ಇರುವುದಿಲ್ಲ, ಆ ಹಾಲಿಗೆ ನೋವು ಮರೆಸುವ ಗುಣವಿದೆ. ಕೆಲವು ಗಂಟೆಗಳ ಮೇಲೆ ನೋಟ ಮಂಜಾಗಿ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ನೋವಿಲ್ಲವೆಂದು ಸುಮ್ಮನಿರಬಾರದು. ಬೇಗ ತೊಳೆದು, ಬೇಗ ತೋರಿಸಿದರೆ ಬಹುತೇಕ ಪೂರ್ತಿ ವಾಸಿಯಾಗುತ್ತದೆ.

ತೊಳೆಯಬಾರದ ಕಣ್ಣೂ ಒಂದಿದೆ. ತೂತಾದ ಕಣ್ಣು. ಸುತ್ತಿಗೆಯಿಂದ ಉಳಿಗೆ ಹೊಡೆಯುವಾಗ ಸಿಡಿದ ಉಕ್ಕಿನ ಚೂರು, ಮಕ್ಕಳ ಬಿಲ್ಲುಬಾಣ, ಪೆನ್ಸಿಲ್, ತಂತಿ, ಒಡೆದ ಗಾಜು. ಪಾಪೆ ಗುಂಡಗಿರುವ ಬದಲು ಒಂದು ಕಡೆ ಎಳೆದಂತಿದ್ದರೆ, ಕರಿಗುಡ್ಡೆಯ ಅಂಚಿನಿಂದ ಕಂದು ಬಣ್ಣದ್ದೇನೋ ಇಣುಕುತ್ತಿದ್ದರೆ, ಕಣ್ಣು ಮೆತ್ತಗೆ ಕುಸಿದಂತೆ ಕಂಡರೆ, ಅದನ್ನು ಮುಟ್ಟಬೇಡಿ. ನೀರಿಲ್ಲ, ಹನಿಯಿಲ್ಲ, ಒತ್ತಿ ಕಟ್ಟುವುದಿಲ್ಲ. ಚುಚ್ಚಿಕೊಂಡದ್ದು ಹೊರಗೆ ಕಾಣುತ್ತಿದ್ದರೂ ಕೀಳಬೇಡಿ. ಚಹಾ ಕುಡಿಯುವ ಕಾಗದದ ಕಪ್ಪಿನ ತಳವನ್ನು ಕತ್ತರಿಸಿ, ಕಣ್ಣಿಗೆ ತಾಗದಂತೆ ಸುತ್ತಲಿನ ಎಲುಬಿನ ಮೇಲೆ ಕೂರಿಸಿ ಟೇಪು ಹಚ್ಚಿ. ತಿನ್ನಲು ಕುಡಿಯಲು ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ಬೀದರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಭಾಲ್ಕಿಯಿಂದಲೂ ಔರಾದಿನಿಂದಲೂ ನಲವತ್ತು ಕಿಲೋಮೀಟರಿನ ಆಸುಪಾಸು. ಮೊದಲು ಅಲ್ಲಿಗೆ. ಅವರು ಮುಂದೆ ಕಳಿಸಿದರೆ ಹೈದರಾಬಾದು. 1956ರವರೆಗೆ ನಮ್ಮ ರಾಜಧಾನಿಯಾಗಿದ್ದ ಊರು ಅದು, ಕಣ್ಣಿನ ವಿಷಯದಲ್ಲಿ ಇವತ್ತಿಗೂ ಹಾಗೆಯೇ ಇದೆ. ಸರೋಜಿನಿ ದೇವಿ ಸರ್ಕಾರಿ ಕಣ್ಣಾಸ್ಪತ್ರೆಯೂ ಎಲ್. ವಿ. ಪ್ರಸಾದ್ ಸಂಸ್ಥೆಯೂ ಅಲ್ಲಿವೆ.

ಚೂರಿನ ಕಣ್ಣುಗಳಲ್ಲಿ ಮೋಸ ಮಾಡುವುದು ಸಣ್ಣ ಚೂರು. ಟಕ್ಕನೆ ಏನೋ ತಾಗಿತು, ಒಂದು ಹನಿ ನೀರು ಬಂತು, ಮರುದಿನ ಕಣ್ಣು ಬೆಳ್ಳಗಿದೆ, ನೋಟವೂ ಇದೆ. ಆದರೆ ಕಬ್ಬಿಣದ ಚೂರು ಒಳಗೆ ಕೂತಿದ್ದರೆ ತಿಂಗಳುಗಳಲ್ಲಿ ತುಕ್ಕು ಅಕ್ಷಿಪಟಲವನ್ನು ತಿನ್ನುತ್ತದೆ. ಸುತ್ತಿಗೆ ಹಿಡಿದಿದ್ದಾಗ ಕಣ್ಣಿಗೆ ಏನಾದರೂ ತಾಗಿದ್ದರೆ, ಆ ಮಾತನ್ನು ಡಾಕ್ಟರಿಗೆ ಹೇಳಲೇಬೇಕು. ಎಕ್ಸ್‌ರೇಯನ್ನೋ ಸಿ.ಟಿ.ಯನ್ನೋ ತೆಗೆಸುತ್ತಾರೆ. ಎಂ.ಆರ್.ಐ. ಮಾತ್ರ ಕೂಡದು, ಅದರ ಅಯಸ್ಕಾಂತ ಚೂರನ್ನು ಒಳಗೇ ಎಳೆದಾಡಿಸುತ್ತದೆ. ವೆಲ್ಡಿಂಗ್ ಬೆಳಕು ನೋಡಿದವರಿಗೆ ಆರೆಂಟು ಗಂಟೆ ಬಿಟ್ಟು ಮಧ್ಯರಾತ್ರಿ ಕಣ್ಣು ಉರಿಯಲು ಶುರುವಾಗುತ್ತದೆ. ಅದು ಭಯಂಕರ ಅನ್ನಿಸಿದರೂ ಒಂದೆರಡು ದಿನದಲ್ಲಿ ಇಳಿಯುತ್ತದೆ. ಮರಗಟ್ಟಿಸುವ ಹನಿ ಕೊಟ್ಟರೆ ಕ್ಷಣದಲ್ಲಿ ಆರಾಮ, ಆದರೆ ಅದನ್ನೇ ಮನೆಗೊಯ್ದು ಹಾಕಿಕೊಂಡರೆ ಕಾರ್ನಿಯಾ ಕರಗುತ್ತದೆ.

ವಿಮಾನದ ಸದ್ದು ಬಂತು, ಅರ್ಧ ನಿಮಿಷ ನಿಲ್ಲಿಸುತ್ತೇನೆ. ವಾಯುಪಡೆಯ ನೆಲೆಗೆ ಹತ್ತಿರದ ಈ ಚಿದ್ರಿಯಲ್ಲಿ ಮಾತಾಡುವವರಿಗೆ ಇದು ಕಟ್ಟಿಟ್ಟದ್ದು. ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡದ ಮನೆಯೂ ಇದೇ ಬೀದರ್. ಸದ್ದು ಬಂದಿದ್ದು ಒಳ್ಳೆಯದೇ ಆಯಿತು, ಪೊರೆಯ ಬಗ್ಗೆ ಹೇಳಬೇಕಾದ ಒಂದು ಕಥೆ ವಾಯುಪಡೆಯದೇ. 1940ರ ಆಗಸ್ಟಿನಲ್ಲಿ ಬ್ರಿಟನ್ನಿನ ಯುದ್ಧವಿಮಾನದ ಗುಮ್ಮಟ ಗುಂಡೇಟಿಗೆ ಒಡೆದು ಪ್ಲಾಸ್ಟಿಕ್ ಚೂರುಗಳು ಗಾರ್ಡನ್ ಕ್ಲೀವರ್ ಎಂಬ ಪೈಲಟ್ಟಿನ ಕಣ್ಣಿಗೆ ಹೊಕ್ಕವು. ಅಂಥ ಪೈಲಟ್ಟುಗಳನ್ನು ನೋಡಿಕೊಂಡ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು, ಈ ಚೂರು ವರ್ಷಗಟ್ಟಲೆ ಒಳಗಿದ್ದರೂ ಕಣ್ಣು ಕೆರಳುವುದಿಲ್ಲ ಎಂಬುದನ್ನು ಗಮನಿಸಿದರು. 1949ರಲ್ಲಿ ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ ಪೊರೆ ತೆಗೆದ ಕಣ್ಣಿನೊಳಗೆ ಕೂರಿಸಿದರು. ಇವತ್ತು ನಿಮ್ಮ ಆಯಿಗೆ ಹಾಕುವ ಲೆನ್ಸಿನ ಮೂಲ ಅದು. ನಮ್ಮದೇ ಬೀಳಗಿಯ ಡಾ. ಎಂ. ಸಿ. ಮೋದಿಯವರು 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದಾಗ ಹಳ್ಳಿಯ ರೋಗಿಗೆ ಲೆನ್ಸು ಇರಲಿಲ್ಲ, ಸೋಡಾಬುಡ್ಡಿ ಕನ್ನಡಕವೇ ಗತಿ. ಈಗ ಸರ್ಕಾರಿ ಆಸ್ಪತ್ರೆಯಲ್ಲೂ ಲೆನ್ಸು ಉಚಿತ. ಆಪರೇಷನ್ ಆದ ವಾರದೊಳಗೆ ನೋವು ಹೆಚ್ಚಿ ನೋಟ ಇಳಿದರೆ ಮಾತ್ರ ಮುಂದಿನ ತಾರೀಖಿಗೆ ಕಾಯಬೇಡಿ, ಅದು ಗಂಟೆಗಳ ಲೆಕ್ಕದ ಸೋಂಕು.

ನೋವೇ ಕೊಡದೆ ನೋಟ ಕದಿಯುವವು ಎರಡು: ಕಾಚಬಿಂದು, ಅಂದರೆ ಗ್ಲಾಕೋಮಾ, ಮತ್ತು ಸಕ್ಕರೆ ಕಾಯಿಲೆ. ಕಾಚಬಿಂದುವಿನಲ್ಲಿ ಒತ್ತಡ ನರವನ್ನು ತಿನ್ನುತ್ತಾ ಬದಿಯ ನೋಟವನ್ನು ಮೊದಲು ಒಯ್ಯುತ್ತದೆ, ಹೋದದ್ದು ಬರುವುದಿಲ್ಲ. ನಲವತ್ತು ದಾಟಿದವರು, ಅದರಲ್ಲೂ ತಂದೆತಾಯಿಗೆ ಇದ್ದವರು ಒತ್ತಡ ನೋಡಿಸಿಕೊಳ್ಳಬೇಕು. ಇದರದೇ ಇನ್ನೊಂದು ರೂಪ ಒಂದೇ ರಾತ್ರಿಯಲ್ಲಿ ಎರಗುತ್ತದೆ. ಕಣ್ಣು ಕೆಂಪು, ಅರ್ಧ ತಲೆ ಸಿಡಿತ, ಮೇಲಿಂದ ಮೇಲೆ ವಾಂತಿ. ಪಿತ್ತವೆಂದು ಹೊಟ್ಟೆಗೆ ಔಷಧ ಕೊಟ್ಟು ಎರಡು ದಿನ ಕಳೆದರೆ ಕಣ್ಣು ಹೋಗಿರುತ್ತದೆ. ವಾಂತಿ ಮಾಡುವವರ ಕಣ್ಣನ್ನೂ ಒಮ್ಮೆ ನೋಡಿ. ಸಕ್ಕರೆ ಇದ್ದವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಪರದೆ ನೋಡಿಸಬೇಕು, ಚೆನ್ನಾಗಿರುವಾಗಲೇ.

ಮಕ್ಕಳ ವಿಷಯ ಚುಟುಕಾಗಿ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿದ್ದ ಕೂಸಿನ ಕಣ್ಣಿನ ಪರದೆಯನ್ನು ಮೂವತ್ತು ದಿನದೊಳಗೆ ನೋಡಿಸಲೇಬೇಕು. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ, ಫೋಟೋದಲ್ಲಿ ಕಂಡರೂ ಸರಿ, ಅದೇ ವಾರ ತೋರಿಸಿ. ಕ್ಯಾನ್ಸರ್ ಇರಬಹುದು, ಬೇಗ ಹಿಡಿದರೆ ಜೀವ ಉಳಿಯುತ್ತದೆ. ಮೆಳ್ಳಗಣ್ಣು ಅದೃಷ್ಟವಲ್ಲ. ಏಳೆಂಟು ವರ್ಷದೊಳಗೆ ಸರಿಪಡಿಸದಿದ್ದರೆ ಮಿದುಳು ಆ ಕಣ್ಣನ್ನು ಬಳಸುವುದನ್ನೇ ಬಿಡುತ್ತದೆ. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ಕೊಡುವ ವಿಟಮಿನ್ ಎ ತಪ್ಪಿಸಬೇಡಿ, ನುಗ್ಗೆಸೊಪ್ಪು ಹಿತ್ತಲಲ್ಲೇ ಇದೆ.

ಇನ್ನು ಕಸುಬಿನ ಕಣ್ಣು. ಬೀದರಿನ ಚೌಬಾರಾದ ಸುತ್ತ ಬಿದರಿ ಕೆಲಸ ಮಾಡುವವರ ಬಳಿ ಕೂತು ನೋಡಿದ್ದೀರಾ? ಸತು-ತಾಮ್ರದ ಹೂಜಿಯ ಮೈಗೆ ಮೈಲುತುತ್ತ ಬಳಿದು ಕಪ್ಪಾಗಿಸಿ, ಅಚ್ಚಿಲ್ಲದೆ ಕೈಯಿಂದಲೇ ಬಳ್ಳಿ ಬರೆದು, ಉಳಿಯಿಂದ ಕೊರೆದು, ಆ ಕೂದಲೆಳೆ ಕಾಲುವೆಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಮುಖ ಗೇಣು ದೂರದಲ್ಲಿ, ಉಳಿಯ ತುದಿಯಿಂದ ಲೋಹದ ಎಳೆ ಸುರುಳಿಯಾಗಿ ಏಳುತ್ತಿರುತ್ತದೆ. ಅರದಿಂದ ಉಜ್ಜುವಾಗ, ಪಾಲಿಶ್ ಮಾಡುವಾಗ ಚೂರು ಹಾರುತ್ತದೆ. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಕಸುಬಿನವರಿಗೆ ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ರೋಗವಲ್ಲ, ವಯಸ್ಸು. ಆದರೆ ಕೈ ಪಳಗುವುದೂ ಅದೇ ವಯಸ್ಸಿನಲ್ಲಿ. ಅಸ್ಸಾಮಿನ ಚಹಾತೋಟದ ಕೆಲಸಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. ಕನ್ನಡಕ ಸಿಕ್ಕವರು ಸಿಗದವರಿಗಿಂತ ಸುಮಾರು ಶೇಕಡ 22ರಷ್ಟು ಹೆಚ್ಚು ಎಲೆ ಕಿತ್ತರು. ಎಲೆ ಕೀಳುವುದಕ್ಕೇ ಅಷ್ಟಾದರೆ ಬೆಳ್ಳಿ ಎಳೆ ಕೂರಿಸುವುದಕ್ಕೆ? ಅದೇ ಕನ್ನಡಕದ ಗಾಜು ಒಡೆಯದ ಪಾಲಿಕಾರ್ಬೊನೇಟಿನದಾಗಿ, ಬದಿಗೆ ಮರೆಯಿದ್ದರೆ ಚೂರನ್ನೂ ತಡೆಯುತ್ತದೆ.

ಕೊನೆಯದಾಗಿ ಈ ದತ್ತಿಯ ಸಭೆಯಿಂದ ಒಂದು ಕೆಲಸ ಕೇಳುತ್ತೇನೆ. ಭಕ್ತಪುರದಲ್ಲಿ ಮಾಡಿದ್ದನ್ನು ಭಾಲ್ಕಿಯ ಕಬ್ಬಿನ ಹೊಲದಲ್ಲಿ ಮಾಡಬಹುದು. ಪ್ರತಿ ಟೋಳಿಗೂ ಒಬ್ಬ ಮುಕಾದಮ ಇರುತ್ತಾನೆ. ಕೂಲಿಯ ಲೆಕ್ಕ, ಮುಂಗಡ, ಟ್ರಾಕ್ಟರಿನ ಸರದಿ ಎಲ್ಲ ಅವನ ಕೈಯಲ್ಲಿ. ಅವನ ಚೀಲದಲ್ಲಿ ಕ್ಲೋರಾಂಫೆನಿಕಾಲ್ ಮುಲಾಮಿನ ಎರಡು ಟ್ಯೂಬು, ಒಂದು ಕಾಗದದ ಕಪ್ಪು, ಐದು ಲೀಟರಿನ ಶುದ್ಧ ನೀರಿನ ಕ್ಯಾನು ಇರಲಿ. ಆಯಾ ಊರಿನ ಆಶಾ ಕಾರ್ಯಕರ್ತೆ ಹಚ್ಚುವುದನ್ನು ಕಲಿಸಲಿ. ಗೀರು ಬಿದ್ದವರಿಗೆ ಅವತ್ತೇ ಮುಲಾಮು, ಮರುದಿನವೂ ನೋವಿದ್ದರೆ ಆಸ್ಪತ್ರೆ. ಮುಲಾಮು ಔಷಧ, ಮುಕಾದಮ ಡಾಕ್ಟರಲ್ಲ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಅದಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಗಳ ಒಪ್ಪಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಉಸ್ತುವಾರಿ ಇರಲಿ. ಯಾರಿಗೆ ಯಾವ ದಿನ ಹಚ್ಚಿತು ಎಂದು ಒಂದು ವಹಿಯಲ್ಲಿ ಬರೆದಿಡಲಿ. ಇನ್ನೊಂದು ಆಕ್ಷೇಪ ಖರ್ಚಿನದು. ಟೋಳಿಯಲ್ಲಿ ಒಬ್ಬರ ಒಂದು ದಿನದ ಕೂಲಿಯಷ್ಟೂ ಆಗುವುದಿಲ್ಲ, ಸಕ್ಕರೆ ಕಾರ್ಖಾನೆಯವರು ಟ್ರಾಕ್ಟರಿನ ಡೀಸೆಲ್ಲಿನ ಜೊತೆಗೇ ಸೇರಿಸಿ ಕೊಡಬಹುದು. ಕಾರ್ಖಾನೆಗಳ ಆಡಳಿತ ಮಂಡಳಿಯಲ್ಲಿ ಕುಳಿತವರು ಈ ಸಭೆಯಲ್ಲೂ ಇದ್ದೀರಿ. ಹಂಗಾಮಿಗೆ ಮುಂಚೆ, ಅಕ್ಟೋಬರಿನಲ್ಲಿ ಟೋಳಿಗಳಿಗೆ ಮುಂಗಡ ಹಂಚುವ ದಿನ ನನ್ನನ್ನು ಕರೆಯಿರಿ. ಮುಕಾದಮರು ಎಲ್ಲರೂ ಒಂದೇ ಕಡೆ ಸೇರುವುದು ಅವತ್ತೊಂದೇ ದಿನ.